ಮ್ಯಾಟಿನ ಕೆಳಗಿನ ನಾಲ್ಕು ಬೋಲ್ಟು

ಅಂಜನಾಪುರದ ಚಾನೆಲ್ ಏರಿಯಿಂದ ಡಾಂಬರು ರಸ್ತೆಗೆ ಇಳಿಯುವಲ್ಲಿ ಒಂದು ಗುಂಡಿಯಿದೆ. ನಮ್ಮ ಹಳೇ ಪಿಕಪ್ಪಿನ ಮುಂದಿನ ಚಕ್ರ ಅದರಲ್ಲಿ ಇಳಿದು ಹತ್ತುವಷ್ಟರಲ್ಲಿ ನನ್ನ ಸೊಂಟದ ಕೆಳಗೆ ‘ಟಕ್’ ಅಂತ ಒಂದು ಸದ್ದು ಬರುತ್ತಿತ್ತು. ಬ್ರೇಕ್ ತುಳಿದರೆ ಇನ್ನೊಂದು ‘ಟಕ್’. ಕ್ಲಚ್ ಬಿಟ್ಟು ಗಾಡಿ ಮುಂದೆ ಜಗ್ಗಿದಾಗ ಮತ್ತೊಂದು. ಎರಡು ವರ್ಷ ಆ ಸದ್ದಿನ ಜೊತೆಗೇ ಓಡಾಡಿದೆ. ಇಂಜಿನ್ನಿನಲ್ಲಿ ಒಂದು ಹೊಸ ಸದ್ದು ಕೇಳಿದರೆ ಅವತ್ತೇ ಗ್ಯಾರೇಜಿಗೆ ಹೋಗುವ ನಾವು, ಕೂತ ಸೀಟೇ ಸದ್ದು ಮಾಡಿದರೆ ಗಾಡಿಗೆ ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ದಿನಾ ಬೆಳಗ್ಗೆ ಬಲಗಡೆಯ ಕನ್ನಡಿ ಸರಿಮಾಡಿಕೊಳ್ಳುವುದೂ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಕನ್ನಡಿಯ ಸ್ಕ್ರೂ ಸಡಿಲವಾಗಿದೆ ಎಂದು ಎರಡು ಸಲ ಅದನ್ನೇ ಬಿಗಿ ಮಾಡಿಸಿದ್ದೆ.

ಈ ಕಡೆ ಪಿಕಪ್ಪು ಇಲ್ಲದೆ ದಿನ ಕಳೆಯುವುದಿಲ್ಲ. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯ ತುಂಬಿದ ವರ್ಷ ಚಾನೆಲ್ಲಿಗೆ ನೀರು ಬರುತ್ತದೆ, ಗದ್ದೆ ಹಸಿರಾಗುತ್ತದೆ. ಭತ್ತ ಮುಗಿಯಿತೆಂದರೆ ಮೆಕ್ಕೆಜೋಳ, ಆಮೇಲೆ ಶುಂಠಿ, ಅಡಿಕೆ. ಸೊರಬದ ಕಡೆ ಹೋದರೆ ಅನಾನಸ್. ಇವೆಲ್ಲ ಹೊಲದ ಬದುವಿನಿಂದ ಶಿಕಾರಿಪುರಕ್ಕೋ ಶಿರಾಳಕೊಪ್ಪಕ್ಕೋ ಶಿವಮೊಗ್ಗಕ್ಕೋ ಹೋಗುವುದು ಇಂಥ ಗಾಡಿಗಳಲ್ಲೇ. ಸುಗ್ಗಿ ಇಲ್ಲದಾಗ ಮದುವೆ ಮನೆಯ ಪಾತ್ರೆ, ಶಾಮಿಯಾನದ ಗಳ, ಜಾತ್ರೆಯ ಅಂಗಡಿ ಸಾಮಾನು, ಕಾಯಿಲೆ ಬಿದ್ದ ಎಮ್ಮೆ. ಒಳ್ಳೇ ಸೀಜನ್ನಿನಲ್ಲಿ ಡ್ರೈವರ್ ಆದವನು ದಿನಕ್ಕೆ ಎಂಟು, ಹತ್ತು ಗಂಟೆ ಆ ಒಂದೂವರೆ ಅಡಿ ಅಗಲದ ಜಾಗದಲ್ಲಿ ಇರುತ್ತಾನೆ. ಮನೆಯ ಜಗಲಿಗಿಂತ ಹೆಚ್ಚು ಹೊತ್ತು ಅಲ್ಲೇ.

ಟಾಟಾ 407 ಬಂದದ್ದು 1986ರಲ್ಲಿ. ಟಾಟಾ ಏಸ್ ಬಂದದ್ದು 2005ರಲ್ಲಿ. ಅದಾದ ಮೇಲೆ ಎರಡೆಕರೆಯವನೂ ಸ್ವಂತ ಗಾಡಿಯ ಕನಸು ಕಾಣುವಂತಾಯಿತು. ಬೊಲೆರೋ ಪಿಕಪ್ಪು ಹಳ್ಳಿ ಹಳ್ಳಿಯ ಗಾಡಿಯಾಯಿತು. ಆಗ ಕೊಂಡ ಗಾಡಿಗಳು ಈಗ ಎರಡನೆಯ, ಮೂರನೆಯ ಕೈಗೆ ಬಂದಿವೆ. ಹಳೇ ಗಾಡಿ ನೋಡಲು ಹೋದವರು ಬಾನೆಟ್ ಎತ್ತುತ್ತಾರೆ, ಟಯರಿನ ಗುಂಡಿಗೆ ಉಗುರು ಇಡುತ್ತಾರೆ, ಸೈಲೆನ್ಸರಿನ ಹೊಗೆ ನೋಡುತ್ತಾರೆ, ಚಾಸಿಸ್ ನಂಬರು ಓದುತ್ತಾರೆ, ಎಫ್‌ಸಿ, ಇನ್ಶೂರೆನ್ಸ್ ಕೇಳುತ್ತಾರೆ. ಸೀಟಿನ ಮೇಲೆ ಕೂತು ಸ್ಟೇರಿಂಗ್ ಹಿಡಿಯುತ್ತಾರೆ. ಅದೇ ಸೀಟನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದವರನ್ನು ನಾನು ಕಂಡಿಲ್ಲ. ನಾನೂ ನೋಡಿರಲಿಲ್ಲ.

ಕೊನೆಗೆ ಒಂದು ಸಂಜೆ, ಮೆಕ್ಕೆಜೋಳದ ಲೋಡು ಇಳಿಸಿ ಬರುವಾಗ, ನಾಯಿಯೊಂದು ಅಡ್ಡ ಬಂದು ಗಟ್ಟಿಯಾಗಿ ಬ್ರೇಕ್ ತುಳಿದೆ. ಸೀಟು ನನ್ನನ್ನು ಹೊತ್ತುಕೊಂಡು ಎರಡು ಬೆರಳಿನಷ್ಟು ಮುಂದೆ ಹೋಯಿತು. ಎದೆ ಸ್ಟೇರಿಂಗಿಗೆ ತಾಗಲಿಲ್ಲ. ಆದರೆ ಮಂಡಿ ಮಡಚಿಕೊಂಡು, ಬ್ರೇಕಿನ ಮೇಲಿದ್ದ ಕಾಲು ಜಾರಿತು. ನಾಯಿ ಬದುಕಿತು. ಮನೆಗೆ ಬಂದವನು ರಾತ್ರಿಯೆಲ್ಲ ಆ ಜಾರಿದ ಕಾಲನ್ನೇ ನೆನೆಯುತ್ತಿದ್ದೆ. ಸಡಿಲ ಸೀಟಿನ ನಿಜವಾದ ಅಪಾಯ ಬೆನ್ನುನೋವಲ್ಲ. ಬ್ರೇಕ್ ತುಳಿಯಲು ಬೆನ್ನಿಗೆ ಒಂದು ಗಟ್ಟಿ ಆಸರೆ ಬೇಕು. ಆ ಆಸರೆಯೇ ಓಡಿಹೋದರೆ ಕಾಲಿನ ಬಲ ಪೆಡಲಿಗೆ ಮುಟ್ಟುವುದಿಲ್ಲ.

ಮರುದಿನ ಗಾಡಿ ಗ್ಯಾರೇಜಿನ ಹುಣಸೆಮರದ ಕೆಳಗೆ ನಿಂತಿತು. ನಾನು ಹದಿನಾಲ್ಕರ ಪಾನಾ ಕೈಗೆ ತೆಗೆದುಕೊಂಡಿದ್ದೆ. ಮೇಸ್ತ್ರಿ ತಡೆದರು. “ಬೋಲ್ಟ್ ಮುಟ್ಬ್ಯಾಡ್ರಿ. ಎಲ್ಲಿ ಅಲ್ಲಾಡ್ತೈತಿ ಅಂತ ಮೊದ್ಲು ನೋಡಾಣ.”

ಆ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು. ಸೀಟು ಅಲ್ಲಾಡುತ್ತದೆ ಎಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಪಾನಾಕ್ಕೇ. ಆದರೆ ಸೀಟು ಒಂದೇ ವಸ್ತುವಲ್ಲ. ನೆಲದ ತಗಡು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ರೇಲು, ಆ ರೇಲಿನ ಮೇಲೆ ಜಾರುವ ಇನ್ನೊಂದು ರೇಲು, ಎರಡನ್ನೂ ಹಿಡಿದಿಡುವ ಹಲ್ಲಿನ ಲಾಕು, ಮೇಲಿನ ಕಬ್ಬಿಣದ ಚೌಕಟ್ಟು, ಒರಗುವ ಬೆನ್ನು ಮಡಚುವ ಕೀಲು. ಒಂದರ ಮೇಲೊಂದು ಕೂತ ಇಷ್ಟರಲ್ಲಿ ಯಾವುದು ಬೇಕಾದರೂ ಸವೆದಿರಬಹುದು.

ಮೇಸ್ತ್ರಿ ನನ್ನನ್ನೇ ಸೀಟಿನಲ್ಲಿ ಕೂರಿಸಿ ಹಿಂದೆ ಮುಂದೆ ಜೀಕಲು ಹೇಳಿದರು. ತಾವು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಟಾರ್ಚ್ ಹಿಡಿದು, ಎರಡು ಕಬ್ಬಿಣ ಸೇರುವ ಒಂದೊಂದು ಜಾಗದ ಮೇಲೂ ಹೊರಗಿನಿಂದ ಬೆರಳು ಇಟ್ಟು ನೋಡಿದರು. ಟಾರ್ಚಿನ ಬೆಳಕಿಗೆ ಸಿಕ್ಕದ ಅಲುಗಾಟ ಬೆರಳಿಗೆ ಸಿಗುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಟಕ್ ಎಂದರೆ ಲಾಕಿನ ಹಲ್ಲು ಇಲ್ಲವೇ ರೇಲು ಸವೆದಿದೆ. ತಿರುವಿನಲ್ಲಿ ಎಡಬಲ ತೂಗಿದರೆ ಬೋಲ್ಟು ಅಥವಾ ನೆಲ. ಬೆನ್ನು ಮಾತ್ರ ಆಡಿ ತಳ ಗಟ್ಟಿಯಿದ್ದರೆ ಮಡಚುವ ಕೀಲಿನ ಬುಷ್ ಹೋಗಿದೆ. ಒಂದೇ ಪಕ್ಕಕ್ಕೆ ವಾಲಿದ್ದರೆ ಚೌಕಟ್ಟಿನ ವೆಲ್ಡಿಂಗ್ ಬಿಟ್ಟಿದೆ, ಅಥವಾ ಒಳಗಿನ ಸ್ಪ್ರಿಂಗ್ ಮುರಿದಿದೆ. ಹೀಗೆ ರೋಗ ಯಾವ ಕೀಲಿನಲ್ಲಿದೆ ಎಂದು ಗೊತ್ತಾದ ಮೇಲೇ ಪಾನಾದ ಕೆಲಸ. ಕನ್ನಡದಲ್ಲಿ ಮೈಯ ಸಂದಿಗೂ ಬಾಗಿಲಿನ ಸಂದಿಗೂ ಗಾಡಿಯ ಸಂದಿಗೂ ಕೀಲು ಎಂಬ ಒಂದೇ ಪದ. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಹಚ್ಚುತ್ತಿದ್ದುದನ್ನು ಕೀಲೆಣ್ಣೆ ಎನ್ನುತ್ತಿದ್ದರು. ಗಾಡಿಯ ಕೀಲು ಸಡಿಲವಾದರೆ ಅದರ ಮೇಲೆ ಕೂತವನ ಕೀಲೂ ಸಡಿಲವಾಗುತ್ತದೆ ಎಂಬುದು ಆ ಪದದೊಳಗೇ ಇದ್ದಂತಿದೆ.

ನಮ್ಮ ಸೀಟನ್ನು ಎತ್ತಿ ಹೊರಗಿಟ್ಟರು. ಅದರ ಕೆಳಗೆ ಹದಿನೈದು ವರ್ಷ ಕೂಡಿಬಿದ್ದಿತ್ತು. ಮೆಕ್ಕೆಜೋಳದ ಕಾಳು, ಗೋಟಡಿಕೆ, ಒಂದು ಬಳೆಯ ಚೂರು, ಕಪ್ಪಾದ ಎರಡು ರೂಪಾಯಿ ನಾಣ್ಯ, ಎಂದೋ ಕಟ್ಟಿದ್ದ ನಿಂಬೆಹಣ್ಣಿನ ಒಣ ಸಿಪ್ಪೆ. ರಬ್ಬರ್ ಮ್ಯಾಟು ಎತ್ತಿದರೆ ಹಸಿ ವಾಸನೆ ಮೂಗಿಗೆ ಹೊಡೆಯಿತು. ಮ್ಯಾಟಿನ ಮೂಲೆಯಲ್ಲಿ ನಾಲ್ಕು ಭತ್ತದ ಕಾಳು ಮೊಳಕೆ ಬಿಟ್ಟು, ಬೆಳಕು ಕಾಣದೆ ಬಿಳಿಚಿಕೊಂಡು, ಎಳೆಯಂತೆ ತಗಡಿಗೆ ಅಂಟಿಕೊಂಡಿದ್ದವು. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು. ಅಷ್ಟಾದರೂ ಅಲ್ಲಿ ಭತ್ತ ಮೊಳೆಯುವಷ್ಟು ನೀರು ನಿಂತಿತ್ತು.

ಮೇಸ್ತ್ರಿ ಸ್ಕ್ರೂ ಡ್ರೈವರಿನ ತುದಿಯಿಂದ ತಗಡನ್ನು ಒತ್ತಿದರು. ಹಿಂದಿನ ಎಡ ಬೋಲ್ಟಿನ ಸುತ್ತ ಅದು ಹಪ್ಪಳದಂತೆ ಮುರಿದು ಒಳಗೆ ಹೋಯಿತು. ನೆಲದ ತಗಡು ಹೊಸದರಲ್ಲೇ ಒಂದು ಮಿಲಿಮೀಟರಿನ ಆಚೀಚೆ. ಬೋಲ್ಟು ಹಿಡಿಯಲು ಅದರ ಕೆಳಗೆ ಕಂಪನಿಯಲ್ಲೇ ವೆಲ್ಡ್ ಮಾಡಿದ ನಟ್ಟು ಇರುತ್ತದೆ. ತಗಡು ತುಕ್ಕು ತಿಂದು ಆ ನಟ್ಟು ಕಿತ್ತುಬಂದಿತ್ತು. ಬೋಲ್ಟು ತಿರುಗಿಸಿದರೆ ನಟ್ಟೂ ಜೊತೆಗೇ ತಿರುಗುತ್ತಿತ್ತು. ಹಾಗೆ ನೂರು ಸುತ್ತು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಒಂದು ಬೋಲ್ಟು ಕೆಲಸ ಬಿಟ್ಟ ಮೇಲೆ ಅದರ ಪಾಲು ಉಳಿದ ಮೂರರ ಮೇಲೆ ಬಿದ್ದು ಅವೂ ಸಡಿಲಾಗಿದ್ದವು. ಗಾಡಿಯ ಹಿಂದಿನ ಯಜಮಾನರ ಕಾಲದಲ್ಲೇ ಯಾರೋ ರೇಲಿಗೂ ನೆಲಕ್ಕೂ ನಡುವೆ ಟಯರ್ ಟ್ಯೂಬಿನ ತುಂಡು ಮಡಚಿ ತುರುಕಿದ್ದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಉಪಾಯ: ಟ್ಯೂಬು, ರಟ್ಟು, ಇಲ್ಲವೇ ಒಂದು ಮರದ ಬೆಣೆ. ಎಂಟು ದಿನ ಸದ್ದು ನಿಲ್ಲುತ್ತದೆ. ರಬ್ಬರು ಒತ್ತಡಕ್ಕೆ ಚಪ್ಪಟೆಯಾಗುತ್ತಾ ಹೋದಂತೆ ಬೋಲ್ಟಿನ ಬಿಗಿ ತಾನಾಗಿ ಕಳೆದುಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಬೋಲ್ಟು ಅಲ್ಲೇ ಇದೆ.

ಬೋಲ್ಟು ಯಾಕೆ ಸಡಿಲಾಗುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬೋಲ್ಟು ಗೂಟದ ಹಾಗೆ ಅಡ್ಡ ನಿಂತು ತಡೆಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಎಳೆದ ರಬ್ಬರಿನಂತೆ ಹಿಂದಕ್ಕೆ ಜಗ್ಗಿ ಎರಡು ತಗಡನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಸೀಟು ಜಾರದಂತೆ ತಡೆಯುವುದು ಆ ಅದುಮಿನಿಂದ ಹುಟ್ಟುವ ಘರ್ಷಣೆ. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬರುವ ಕುಲುಕಾಟಕ್ಕಿಂತ ಅಡ್ಡಡ್ಡ ಬರುವ ಕುಲುಕಾಟವೇ ಅದನ್ನು ಬಿಚ್ಚುತ್ತದೆ. ಅಡ್ಡಕ್ಕೆ ಒಂದಿಷ್ಟು ಜಾರಿದ ಕ್ಷಣ ತಿರುಪಿನ ಸುತ್ತಿನ ಹಿಡಿತ ತಪ್ಪಿ, ಬೋಲ್ಟು ತನ್ನ ಬಿಗಿಯಿಂದಲೇ ತನ್ನನ್ನು ಬಿಚ್ಚಿಕೊಳ್ಳುತ್ತದೆ. ನಮ್ಮ ಏರಿ ರಸ್ತೆಗಳಲ್ಲಿ ಎಡಚಕ್ರ ಒಂದು ಗುಂಡಿಗೆ, ಬಲಚಕ್ರ ಇನ್ನೊಂದು ಗುಂಡಿಗೆ ಬಿದ್ದಾಗ ಸೀಟಿಗೆ ಸಿಗುವುದು ಇದೇ ಅಡ್ಡ ಕುಲುಕು.

ಇದರಿಂದ ಇನ್ನೊಂದು ನಂಬಿಕೆಯೂ ಹೋಗುತ್ತದೆ. ಗ್ಯಾರೇಜಿನಲ್ಲಿ ಸಡಿಲ ಬೋಲ್ಟಿಗೆ ಮೊದಲ ಮದ್ದು ಸ್ಪ್ರಿಂಗ್ ವಾಷರ್. ಸೀಳಿದ ಉಂಗುರದಂಥ ಆ ವಾಷರ್ ಬೋಲ್ಟು ಪೂರಾ ಬಿಗಿಯಾಗುವ ಎಷ್ಟೋ ಮೊದಲೇ ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಅದು ಬರೀ ಒಂದು ಬಳೆ. ಅಡ್ಡ ಕುಲುಕಾಟದ ಎದುರು ಅದರ ಆಟ ನಡೆಯುವುದಿಲ್ಲ ಎಂದು ಅಂಥ ಪರೀಕ್ಷೆಗಳೇ ತೋರಿಸಿವೆ. ಅದಕ್ಕಿಂತ ಒಳಗೆ ನೈಲಾನ್ ಬಳೆಯಿರುವ ನಟ್ಟು ಮೇಲು. ಸಡಿಲಾದರೂ ಅದು ಕಳಚಿ ಬೀಳುವುದಿಲ್ಲ. ಕೆಳಗಿನಿಂದ ನಟ್ಟು ಹಾಕಲು ಜಾಗವಿಲ್ಲದ ಕಡೆ ತಿರುಪಿಗೆ ಹಚ್ಚುವ ಅಂಟು ಇದೆ. ಗಾಳಿ ಇದ್ದಷ್ಟು ಹೊತ್ತು ನೀರಾಗಿದ್ದು, ಲೋಹಗಳ ನಡುವೆ ಗಾಳಿ ಸಿಗದಾಗ ಗಟ್ಟಿಯಾಗುವ ಈ ಅಂಟನ್ನು 1953ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ರೂಪಿಸಿದರು. ಲಾಕ್‌ಟೈಟ್ ಎಂಬ ಹೆಸರಿನಲ್ಲಿ ಸಣ್ಣ ಬಾಟಲಿಯಾಗಿ ಸಿಗುತ್ತದೆ. ಸೀಟಿಗೆ ನೀಲಿ ಬಣ್ಣದ್ದು ಸಾಕು, ಮುಂದೆ ಪಾನಾದಲ್ಲೇ ಬಿಚ್ಚಬಹುದು. ಕೆಂಪು ಹಚ್ಚಿದರೆ ಬಿಚ್ಚಲು ಬೆಂಕಿ ಕಾಯಿಸಬೇಕಾಗುತ್ತದೆ. ಸೀಟಿನ ಹತ್ತಿರ ಬೆಂಕಿ ಬೇಡ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನೂ ಓದಬೇಕು. 8.8 ಎಂದು ಅಚ್ಚಾಗಿದ್ದರೆ ಅದು ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತ ತಡೆಯುವ ಉಕ್ಕು. ಹತ್ತು ಮಿಲಿಮೀಟರಿನ ಅಂಥ ಒಂದು ಬೋಲ್ಟು ತುಂಡಾಗಬೇಕಾದರೆ ನಾಲ್ಕೂವರೆ ಟನ್ ಆಸುಪಾಸಿನ ಎಳೆತ ಬೇಕು. ಗೇಟಿಗೆ, ಕಿಟಕಿಗೆ ಹಾಕುವ 4.6 ದರ್ಜೆಯ ಬೋಲ್ಟಿನ ಬಲ ಅದರ ಅರ್ಧ ಮಾತ್ರ. ನೋಡಲು ಎರಡೂ ಒಂದೇ. ನಮ್ಮ ಸೀಟಿನ ನಾಲ್ಕರಲ್ಲಿ ಎರಡು ಬೋಲ್ಟಿನ ತಲೆ ನುಣ್ಣಗಿತ್ತು, ಅಂಕಿಯೇ ಇರಲಿಲ್ಲ. ಇನ್ನು ಬಿಗಿಯ ಲೆಕ್ಕ: ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಮೊದಲು. ಪುಸ್ತಕ ಸಿಗದಿದ್ದರೆ 8.8ರ ಎಂಟು ಮಿಲಿಮೀಟರ್ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, ಹತ್ತರದ್ದಕ್ಕೆ ಸುಮಾರು 50. ಕೈ ಲೆಕ್ಕದಲ್ಲಿ ಹೇಳುವುದಾದರೆ, 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಎಂಟರ ಬೋಲ್ಟಿಗೆ ಹತ್ತು ಕೆಜಿ, ಹತ್ತರದ್ದಕ್ಕೆ ಇಪ್ಪತ್ತು ಕೆಜಿ ತೂಗುವಷ್ಟು ಒತ್ತು. ಪಾನಾಕ್ಕೆ ಪೈಪು ತೂರಿಸಿ ಮೈಭಾರ ಹಾಕಿದರೆ ಬೋಲ್ಟು ಅವತ್ತೇ ಸೋತಿರುತ್ತದೆ.

ನೆಲದ ಕೆಲಸ ಒಂದು ಇಡೀ ದಿನ ಹಿಡಿಯಿತು. ತುಕ್ಕು ತಿಂದ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆದರು. ಹೊಸ ತಗಡಿನ ತುಂಡು ಕೂರಿಸಿ ವೆಲ್ಡ್ ಮಾಡಿದರು. ಅಷ್ಟಕ್ಕೆ ಬಿಡದೆ, ತಗಡಿನ ಕೆಳಗೆ, ಗಾಡಿಯ ಹೊಟ್ಟೆಯ ಕಡೆಯಿಂದ, ಅಂಗೈ ಅಗಲದ, 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು ಅದರ ಮೂಲಕ ಬೋಲ್ಟು ಇಳಿಸಿ ನಟ್ಟು ಹಾಕಿದರು. ದೊಡ್ಡ ವಾಷರ್ ಸಾಲದೇ ಎಂದು ಕೇಳಿದೆ. ತೆಳು ವಾಷರ್ ಎಳೆತಕ್ಕೆ ಬಟ್ಟಲಿನಂತೆ ಬಾಗಿ ತಗಡನ್ನು ಹರಿದುಕೊಂಡು ಮೇಲೆ ಬರುತ್ತದಂತೆ. ಪಟ್ಟಿ ಬಾಗುವುದಿಲ್ಲ, ಎಳೆತವನ್ನು ಅಂಗೈ ಅಗಲಕ್ಕೆ ಹಂಚುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಪ್ರೈಮರ್ ಬಳಿದು ಒಣಗಲು ಬಿಟ್ಟರು.

ವೆಲ್ಡಿಂಗ್ ವಿಷಯದಲ್ಲಿ ಆ ಮನುಷ್ಯ ತೋರಿದ ಎಚ್ಚರ ನನ್ನ ಮನಸ್ಸಿನಲ್ಲಿ ಉಳಿದಿದೆ. ಮೊದಲು ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿದರು. ಸೀಟು, ಮ್ಯಾಟು, ಬಟ್ಟೆ ಎಲ್ಲವನ್ನೂ ಹತ್ತು ಮಾರು ದೂರ ಇಡಿಸಿದರು. ಸೀಟಿನ ಫೋಮು ಹತ್ತಿಕೊಂಡರೆ ಆರಿಸುವುದು ಕಷ್ಟ, ಅದರ ಹೊಗೆಯೇ ವಿಷ. ಗಾಡಿಯ ಕೆಳಗೆ ಮಲಗಿ ಡೀಸೆಲ್ ಪೈಪು, ಬ್ರೇಕ್ ಪೈಪು, ವಯರಿಂಗು ಎಲ್ಲೆಲ್ಲಿ ಹೋಗಿವೆ ಎಂದು ಕೈಯಾಡಿಸಿ ನೋಡಿ ಬಂದರು. ಹಳೇ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕೇ ಡ್ರೈವರ್ ಸೀಟಿನ ಕೆಳಗಿರುತ್ತಿತ್ತು. ಅಂಥ ಗಾಡಿಯನ್ನು ಇಟ್ಟುಕೊಂಡವರು ಇವತ್ತೂ ಮಲೆನಾಡಿನಲ್ಲಿದ್ದಾರೆ. ಟ್ಯಾಂಕು ಇಳಿಸದೆ ಅಲ್ಲಿ ಕಿಡಿ ಹಾರಿಸಬಾರದು. ಹೊಸ ಗಾಡಿಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ವಯರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಅದನ್ನು ಬಲ್ಲವರಿಗೇ ಬಿಡಬೇಕು.

ಟಾಟಾ ಏಸ್‌ನಂಥ ಗಾಡಿಗಳ ಕಥೆ ಬೇರೆ. ಅಲ್ಲಿ ಇಂಜಿನ್ನೇ ಸೀಟಿನ ಕೆಳಗಿದೆ. ಇಂಜಿನ್ ನೋಡಬೇಕೆಂದರೆ ಸೀಟು ಎತ್ತಬೇಕು. ಸಾವಿರ ಸಲ ಎತ್ತಿ ಇಳಿಸಿದ ಮೇಲೆ ಕೊಂಡಿ ಸವೆಯುತ್ತದೆ, ಕೀಲು ಸಡಿಲಾಗುತ್ತದೆ, ಅಂಚಿನ ರಬ್ಬರ್ ಉದುರುತ್ತದೆ. ಆಮೇಲೆ ಸೀಟು ಅಲ್ಲಾಡುವುದರ ಜೊತೆಗೆ ಇಂಜಿನ್ನಿನ ಶಾಖವೂ ಸದ್ದೂ ನೇರ ಮೈಗೆ. ಅಲ್ಲಿ ಹೊಸ ಕೊಂಡಿ, ಹೊಸ ರಬ್ಬರ್ ಹಾಕುವುದೇ ಪರಿಹಾರ. ತಂತಿ ಕಟ್ಟಿ ಓಡಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ನಮ್ಮ ಸೀಟಿನ ರೇಲಿನದ್ದು ಸಣ್ಣ ಕೆಲಸ. ಎರಡು ರೇಲಿನ ನಡುವಿನ ಗುಂಡುಗಳ ಮೇಲೆ ಕೆಂಪು ದೂಳು, ಜೋಳದ ಹೊಟ್ಟು, ಹಳೇ ಗ್ರೀಸು ಕೂಡಿ ಅರೆದ ಮಸಾಲೆಯಂತಾಗಿತ್ತು. ಆ ಮಸಾಲೆಯೇ ಕಬ್ಬಿಣವನ್ನು ಉಜ್ಜಿ ಸವೆಸುತ್ತದೆ. ಸೀಮೆಎಣ್ಣೆ ಸಿಗದ ಕಾಲ, ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ತೊಳೆದು, ಒರೆಸಿ, ಬೆರಳ ತುದಿಯಷ್ಟೇ ಹೊಸ ಗ್ರೀಸು. ಹೆಚ್ಚು ಗ್ರೀಸು ಹಚ್ಚಿದರೆ ಹೆಚ್ಚು ದೂಳು. ಲಾಕಿನ ಹಲ್ಲು ಇನ್ನೂ ಚೂಪಾಗಿತ್ತು. ಕೊಳೆ ತುಂಬಿ ಪೂರ್ತಿ ಕೂರುತ್ತಿರಲಿಲ್ಲ, ಅಷ್ಟೆ. ಆ ಸಂಜೆ ಸೀಟು ಎರಡು ಬೆರಳು ಮುಂದೆ ಜಾರಿದ್ದು ಅದರಿಂದ. ಹಲ್ಲೇ ಸವೆದು ದುಂಡಾಗಿದ್ದರೆ ವೆಲ್ಡಿಂಗಿನಿಂದ ತುಂಬಿಸಿ ಅರ ಉಜ್ಜುವ ಬದಲು ರೇಲನ್ನೇ ಬದಲಿಸಬೇಕು.

ಸೀಟು ಎಷ್ಟು ಗಟ್ಟಿಯಿರಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 17ನೆಯದು ಸೀಟಿನ ಬಲಕ್ಕೇ ಮೀಸಲು. ಸೀಟೂ ಅದರ ಹಿಡಿತವೂ ಭೂಮಿಯ ಸೆಳೆತದ 20 ಪಟ್ಟು ಎಳೆತವನ್ನು 30 ಮಿಲಿಸೆಕೆಂಡು ತಡೆದುಕೊಳ್ಳಬೇಕು ಎನ್ನುತ್ತದೆ ಅದು. 15 ಕೆಜಿಯ ಸೀಟು ಡಿಕ್ಕಿಯ ಆ ಕ್ಷಣದಲ್ಲಿ ತನ್ನ ಬೋಲ್ಟುಗಳನ್ನು 300 ಕೆಜಿಯಾಗಿ ಎಳೆಯುತ್ತದೆ ಎಂದಾಯಿತು. ಬೆಲ್ಟಿನ ಬಕಲ್ ಸೀಟಿಗೇ ಕಟ್ಟಿದ ಗಾಡಿಯಾದರೆ ಕೂತವನ ಎಳೆತವೂ ಅದರ ಮೇಲೆ ಸೇರುತ್ತದೆ. 2019ರ ಸೆಪ್ಟೆಂಬರ್ 1ರಿಂದ ಬೆಲ್ಟು ಹಾಕದವರಿಗೆ ದಂಡ ಹೆಚ್ಚಾಗಿದೆ. ದಂಡದ ಹೆದರಿಕೆಗಾದರೂ ಬೆಲ್ಟು ಹಾಕುವ ಹುಡುಗರು ಈಗ ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಕೊಳೆತ ತಗಡಿಗೆ ಕಚ್ಚಿಕೊಂಡ ಸೀಟಿನ ಮೇಲೆ ಬೆಲ್ಟು ಕಟ್ಟಿಕೊಂಡವನು ಯಾವುದನ್ನು ನಂಬಿ ಕೂತಿದ್ದಾನೆ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಎಂಟು ವರ್ಷ ದಾಟಿದ ಸಾಗಾಣಿಕೆ ಗಾಡಿಗೆ ವರ್ಷವರ್ಷವೂ ಎಫ್‌ಸಿ ಮಾಡಿಸಬೇಕು. ಅದಕ್ಕೆ ಮುಂಚೆ ಬಣ್ಣ, ರೇಡಿಯಂ ಪಟ್ಟಿ, ಲೈಟು ಎಲ್ಲ ಸರಿಮಾಡುತ್ತೇವೆ. ಅವತ್ತೇ ಸೀಟನ್ನೂ ಒಮ್ಮೆ ಎತ್ತಿ ನೋಡಬಹುದು. ಅದಕ್ಕಿಂತ ಒಳ್ಳೆಯ ದಿನ ಆಯುಧಪೂಜೆಯ ಹಿಂದಿನ ದಿನ. ಮಳೆ ಮುಗಿದಿರುತ್ತದೆ, ಗಾಡಿ ಹೇಗೂ ತೊಳೆಯುತ್ತೇವೆ, ಸುಗ್ಗಿಯ ಲೋಡು ಶುರುವಾಗುವ ಮೊದಲು. ಮ್ಯಾಟು ಎತ್ತಿ ಬಿಸಿಲಿಗೆ ಹಾಕಿ, ಬಾಗಿಲು ತೆರೆದಿಟ್ಟು ನೆಲ ಒಣಗಿಸಿ, ಪಾನಾ ಇಟ್ಟು ನಾಲ್ಕೂ ಬೋಲ್ಟು ನೋಡಿ, ಆಮೇಲೆ ಕುಂಬಳಕಾಯಿ ಒಡೆಯಬಹುದು.

ಬೆನ್ನಿನ ಮಾತನ್ನೂ ಹೇಳಬೇಕು. ಕೂತ ಮನುಷ್ಯನ ಮೈ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕುವ ಆಟಕ್ಕೆ ಎಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಆ ಲಯದಲ್ಲಿ ಬೆನ್ನುಮೂಳೆಯೇ ಜೊತೆಗೂಡಿ ಅದುರುತ್ತದೆ. ಖಾಲಿ ಪಿಕಪ್ಪಿನ ಪಟ್ಟಿ ಸ್ಪ್ರಿಂಗು ಮೊದಲೇ ಗಡುಸು. ಅದರ ಮೇಲೆ ಸಡಿಲ ಸೀಟಿನ ಟಕ್ ಟಕ್ ಸೇರಿದರೆ ಪ್ರತಿ ಗುಂಡಿಗೂ ಬೆನ್ನಿಗೆ ಎರಡೆರಡು ಪೆಟ್ಟು. ಮೂವತ್ತೈದಕ್ಕೇ ಸೊಂಟ ಹಿಡಿದುಕೊಂಡು ಗಾಡಿಯಿಂದ ಇಳಿಯುವ ಡ್ರೈವರುಗಳು ನಮ್ಮೂರಿನಲ್ಲೇ ಇದ್ದಾರೆ. ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡರೆ ಮೆತ್ತಗಾಗುತ್ತದೆ ಅನ್ನಿಸಬಹುದು. ಅದರಿಂದ ಕೂರುವ ಎತ್ತರ ಹೆಚ್ಚಿ, ಕಾಲು ಪೆಡಲಿನಿಂದ ದೂರವಾಗಿ, ತೊಡೆಯ ಆಸರೆ ತಪ್ಪುತ್ತದೆ. ಶಿಕಾರಿಪುರದ ಕುಷನ್ ಅಂಗಡಿಯಲ್ಲಿ ಕುಗ್ಗಿದ ಫೋಮು ತೆಗೆದು ಹೊಸ ಗಟ್ಟಿ ಫೋಮು ಹಾಕಿಸಿಕೊಂಡೆ. ಅದನ್ನು ತಳ ಗಟ್ಟಿಯಾದ ಮೇಲೇ ಮಾಡಿಸಬೇಕು.

ಸೀಟು ಕೂರಿಸಿದ ಮೇಲೆ ಮೇಸ್ತ್ರಿ ಬಿಳಿ ಬಣ್ಣದ ಡಬ್ಬಿಯಲ್ಲಿ ಕಡ್ಡಿ ಅದ್ದಿ ನಾಲ್ಕೂ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದೊಂದು ಗೆರೆ ಎಳೆದರು. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಪಾನಾ ಬೇಡ, ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಸಾಕು. “ಐನೂರು ಕಿಲೋಮೀಟ್ರು ಓಡ್ಸಿ ಬರ್ರಿ” ಅಂದರು.

ಮೊದಲ ದಿನ ಅದೇ ಗುಂಡಿಯಲ್ಲಿ ಚಕ್ರ ಇಳಿದು ಹತ್ತಿತು. ಸೀಟಿನ ಕೆಳಗಿಂದ ಏನೂ ಕೇಳಲಿಲ್ಲ. ಶಿರಾಳಕೊಪ್ಪಕ್ಕೆ ಶುಂಠಿ ಹಾಕಿಕೊಂಡು ಹೋಗಿ ಬಂದೆ, ಸೊರಬಕ್ಕೆ ಎರಡು ಸಲ ಹೋದೆ. ವಾರ ಕಳೆದ ಮೇಲೆ ಗಮನಿಸಿದೆ, ಬಲಗಡೆ ಕನ್ನಡಿಯನ್ನು ಒಂದು ದಿನವೂ ಮುಟ್ಟಿರಲಿಲ್ಲ. ಎರಡು ವರ್ಷ ಸರಿದಾಡುತ್ತಿದ್ದುದು ಕನ್ನಡಿಯಲ್ಲ, ನಾನು.

ಐನೂರು ಕಿಲೋಮೀಟರು ಮುಗಿದ ದಿನ ಹುಣಸೆಮರದ ಕೆಳಗೆ ಮತ್ತೆ ಮ್ಯಾಟು ಎತ್ತಿದೆವು. ನೆಲ ಒಣಗಿತ್ತು. ಮೂರು ಗೆರೆ ಎಳೆದ ಹಾಗೇ ನೆಟ್ಟಗಿದ್ದವು. ನಾಲ್ಕನೆಯದು, ಹೊಸ ತಗಡು ಹಾಕಿದ ಕಡೆಯದು, ರಾಗಿ ಕಾಳಿನಷ್ಟು ಸರಿದಿತ್ತು. ಹೊಸ ಬಣ್ಣ ಒತ್ತಡಕ್ಕೆ ಕೂತಿದೆ, ಮೊದಲ ಸಲ ಹೀಗಾಗುತ್ತದೆ ಎಂದು ಹೇಳುತ್ತ ಮೇಸ್ತ್ರಿ ಅದನ್ನು ಮತ್ತೆ ಬಿಗಿ ಮಾಡಿ, ಹಳೇ ಗೆರೆ ಒರೆಸಿ, ಹೊಸದಾಗಿ ಎಳೆದರು.